ಗಾಲಿ ಮಡಚದ ಮೊದಲ ಹಾರಾಟ

ಎಡಕ್ಕೆ ನೋಡಬೇಕಾದರೆ ಕಾಕಾ ಇಡೀ ಮೈಯನ್ನೇ ತಿರುಗಿಸುತ್ತಿದ್ದರು, ಇಬ್ಬರು ಸೇರಿ ಬೀರು ಸರಿಸಿದ ಹಾಗೆ. ಪರೀಕ್ಷೆಗೆಂದು ಹಾರಿಸುತ್ತಿದ್ದ ವಿಮಾನವೊಂದು ಕೆಟ್ಟಾಗ ಸೀಟಿನ ಸಮೇತ ಹೊರಕ್ಕೆ ಚಿಮ್ಮಿ ಬದುಕಿದವರು. ಅಂದಿನಿಂದ ಕುತ್ತಿಗೆ ಹಾಗೆ. ಶಬ್ದಕ್ಕಿಂತ ವೇಗದ ಹೊಸ ವಿಮಾನಗಳನ್ನು ಮೊಟ್ಟಮೊದಲು ಹಾರಿಸಿ ನೋಡುವುದು ಅವರ ಕೆಲಸವಾಗಿತ್ತು. ಪತ್ರಿಕೆಗಳಲ್ಲಿ ಫೋಟೋ ಬಂದಿತ್ತು. ನಿವೃತ್ತರಾಗಿ ಕಲಬುರಗಿಗೆ ಮರಳಿ, ಸೇಡಂ ರಸ್ತೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು.

ಅವರ ಸ್ಕೂಟರನ್ನು ಸೈಕಲ್ಲುಗಳೂ ದಾಟಿ ಹೋಗುತ್ತಿದ್ದವು.

"ಸಾಹೇಬ್ರ, ರಸ್ತಾ ಖಾಲಿ ಅದ, ಹಾರಿಸ್ರಿ!" ಎಂದು ತರಕಾರಿ ಬಂಡಿಯವನು ಕೂಗುತ್ತಿದ್ದ.

"ಅಲ್ಲಿ ಹಾರಸ್ಲಿಕ್ಕ ಪಗಾರ ಕೊಡ್ತಿದ್ರೋ. ನೀ ಕೊಡ್ತೀಯೇನು?"

ಓಣಿಗೆ ಯಾವ ಹೊಸ ವಸ್ತು ಬಂದರೂ ಕರೆಯದೆಯೇ ಹಾಜರಾಗುತ್ತಿದ್ದರು. ಅವ್ವನ ಮಿಕ್ಸಿಗೆ ಅವರ ಅಪ್ಪಣೆ: "ಇವತ್ತ ಬರೇ ಶೇಂಗಾ. ಚಟ್ನಿ ನಾಳಿಗಿ." ಹೊಸ ವಿಮಾನದ ಮೊದಲ ಹಾರಾಟದಲ್ಲಿ, ಏನಾದರೂ ಕೆಟ್ಟರೆ ತಕ್ಷಣ ಇಳಿಯಲು ಬರಲೆಂದು, ಗಾಲಿಗಳನ್ನು ಒಳಗೆ ಮಡಚುವುದಿಲ್ಲವಂತೆ. ಏರಿ, ಒಂದು ಸುತ್ತು ಹಾಕಿ, ಇಳಿದು, ನಡೆದದ್ದನ್ನು ಹೇಳಬೇಕು. "ಹ್ಯಾಂಗ ಅನಿಸ್ತು ಅನ್ನೂದು ಆಮ್ಯಾಲ. ಮೊದಲ ಏನಾತು ಹೇಳ್ರಿ."

"ಗುರ್ ಅಂತು. ಹೇಳಿದೆ. ಇನ್ನ ಮನೀಗಿ ನಡೀರಿ," ಎಂದಿದ್ದಳು ಅವ್ವ.

ನಾನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ವರ್ಷ ಕಮಲಾಪುರದಿಂದ ಸಂಬಂಧವೊಂದು ಬಂತು. ಹುಡುಗನ ಅಜ್ಜಿಗೆ ಓಡಾಡಲಾಗದೆಂದು ನಾವೇ ಹೋದೆವು; ಕಾರು ಕಾಕಾನದು, ಓಡಿಸಿದವರೂ ಅವರೇ. ಕೆಂಪು ಬಾಳೆಹಣ್ಣು, ಚಹಾ ಮುಗಿಯುವಷ್ಟರಲ್ಲೇ ಸಕ್ಕರೆ ತಟ್ಟೆ ಬಂದುಬಿಟ್ಟಿತು. ಸಕ್ಕರೆ ಬಾಯಿಗೆ ಬಿದ್ದರೆ ಮದುವೆ ನಿಶ್ಚಯವಾದಂತೆ. ನನಗೆ ಮನಸ್ಸಿರಲಿಲ್ಲ. ಸುಮ್ಮನೆ ಕುಳಿತಿದ್ದೆ, ಎಲ್ಲರೂ ಅದನ್ನೇ ಒಪ್ಪಿಗೆ ಎಂದುಕೊಂಡರು.

"ಜರಾ ತಡೀರಿ." ಕಾಕಾ ಎದ್ದು ಮೈ ಪೂರ್ತಿ ನನ್ನತ್ತ ತಿರುಗಿಸಿದರು. "ತಂಗಿ, ಏನಾತು ಹೇಳು."

ಅಪ್ಪ ಕೆಮ್ಮಿದರು. ಹುಡುಗನ ತಾಯಿಯ ಕೈಯಲ್ಲಿ ಸಕ್ಕರೆ ಚಮಚ ಹಾಗೇ ನಿಂತಿತ್ತು. ಕಾಕಾ ಕದಲಲಿಲ್ಲ.

"ಚಹಾ ಬಂತು," ಎಂದೆ ಕೊನೆಗೆ. "ನನ್ನ ಪಗಾರ ಎಷ್ಟಂತ ಅಪ್ಪಗ ಕೇಳಿದ್ರು. ನನಗ ರೊಟ್ಟಿ ಬಡೀಲಿಕ್ಕ ಬರ್ತದೇನಂತ ಅವ್ವಗ ಕೇಳಿದ್ರು. ಅವರು ಮೊಬೈಲ್ ನೋಡ್ಲಾಕತ್ತಾರ. ನನಗ ಯಾರೂ ಏನೂ ಕೇಳಿಲ್ಲ."

ಹುಡುಗ ಮೊಬೈಲನ್ನು ಜೇಬಿಗೆ ತುರುಕಿದ.

"ಇವತ್ತಿಗಿ ಇಷ್ಟ ಸಾಕ್ರಿ. ಗಾಲಿ ಮಡಚೂದು ಬ್ಯಾಡ," ಎಂದರು ಕಾಕಾ.

"ಯಾರಪಾ ಇಂವ, ಲಗ್ನದಾಗ ಗಾಲಿ ತಂದಾನ?" ಎಂದು ಅಜ್ಜಿ ಕೇಳಿದಳು. "ಆದ್ರ ಹುಡುಗಿ ಅಂದದ್ದು ಖರೇ ಅದ. ಸಕ್ಕರಿ ತಟ್ಟಿ ಒಳಗ ಒಯ್ಯಿ."

ವಾಪಸ್ಸು ಬರುವಾಗ ಅಪ್ಪ ಹಲ್ಲು ಕಡಿಯುತ್ತ ಕುಳಿತಿದ್ದರು. ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. "ಹೋಗ್ಲಿ ಪಾಪ, ಅವಸರದಾಗ ಇರಬೇಕು," ಎಂದರು ಕಾಕಾ. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಆ ಸಂಬಂಧದ ಮಾತು ಮತ್ತೆ ಬರಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ವೇಗವನ್ನೇ ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಕಮಲಾಪುರದ ಆ ಪಡಸಾಲೆಯಲ್ಲಿ, ನನ್ನ ಬಾಯಿಂದ ಮಾತು ಹೊರಡುವವರೆಗೂ ಅವರು ಕದಲದೆ ನಿಂತಿದ್ದರಲ್ಲ, ನನಗೆ ಅದೇ ಕಣ್ಣ ಮುಂದಿತ್ತು.