ಬದು ದಾಟುವ ಗಾಯಕ್ಕೆ ಕೈಯಿಟ್ಟ ರಾಮಲಕ್ಷ್ಮಮ್ಮ ಸಿಸ್ಟರ್

ಗುರುವಾರ ಬೆಳಿಗ್ಗೆ ಚೀಟಿ ಕೊಡುವ ಕಿಟಕಿ ತೆರೆಯುವುದಕ್ಕೂ ಮುಂಚೆ ರಾಮಲಕ್ಷ್ಮಮ್ಮ ಸಿಸ್ಟರ್ ಡ್ರೆಸ್ಸಿಂಗ್ ಕೋಣೆಯಲ್ಲಿ ಕೂತು ಗಾಜ್ ಬಟ್ಟೆ ಕತ್ತರಿಸುತ್ತಾರೆ. ನಾಲ್ಕು ಬೆರಳಗಲ, ಎಂಟು ಮಡಿಕೆ, ಅಂಚಿನ ನೂಲು ಒಳಗೆ. ಬೇಗ ಬಂದ ರೋಗಿ ಬುಷ್ರಾ ಎದುರಿಗೆ ಕೂತು, ಮಡಿಸಿದ್ದನ್ನೆಲ್ಲ ಡಬ್ಬಿಗೆ ಜೋಡಿಸುತ್ತಾಳೆ.

ಸಿಸ್ಟರ್ ಅವರ ನಿವೃತ್ತಿಯ ಅಭಿನಂದನ ಗ್ರಂಥಕ್ಕೆ ಈ ಲೇಖನ ಬರೆಯುತ್ತಿರುವವಳು ಆ ಬುಷ್ರಾಳೇ. ‘ನಾನು’ ಎಂದು ಬರೆಯಹೊರಟರೆ ಮುಂದಕ್ಕೆ ಹೋಗಲಾಗದೆ, ‘ಅವಳು’ ಎಂದೇ ಬರೆದಿದ್ದಾಳೆ. ಏಳನೇ ಕ್ಲಾಸಿಗೆ ಓದು ಬಿಟ್ಟವಳ ಬರವಣಿಗೆಯ ತಪ್ಪನ್ನು ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು. ಬೇರೆ ತಪ್ಪನ್ನು ಹಾಕಿಕೊಳ್ಳಬೇಕಿಲ್ಲ.

ನಮ್ಮ ಸೀಮೆಯಲ್ಲಿ ಗಾಯ ಕಟ್ಟುವ ಕೈಗಳಿಗೆ ಬರವಿಲ್ಲ. ಆದರೆ ಗಾಯ ಮಾಯ್ದ ಮೇಲೂ ಉಬ್ಬಿ, ಕೆಂಪಗಾಗಿ, ನವೆ ಕೊಟ್ಟು ಬೆಳೆಯುವ ಕಲೆಯನ್ನು ಒಂದು ಕಾಯಿಲೆಯೆಂದು ಎಣಿಸಿ, ಅದನ್ನು ಹೊತ್ತು ಬಂದವರನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿದವರಲ್ಲಿ ಮೊದಲ ಹೆಸರು ಸಿಸ್ಟರ್ ಅವರದು. ೧೯೯೦ರಲ್ಲಿ ವಿದುರಾಶ್ವತ್ಥದ ಬಳಿ ಟ್ರಸ್ಟಿನ ಪುಟ್ಟ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದ ಅವರು, ಲಸಿಕೆ ಚುಚ್ಚಿದ ತೋಳಿನಲ್ಲಿ ಗಂಟು ಬೆಳೆದ ಹೆಣ್ಣುಮಕ್ಕಳು ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಡುವುದನ್ನು ಕಂಡರಂತೆ. ಅದಕ್ಕೆ ಔಷಧಿಯಿದೆಯೇ ಎಂದು ಗೌರಿಬಿದನೂರಿನಿಂದ ರೈಲು ಹತ್ತಿ ಹೋಗಿ ದೊಡ್ಡಾಸ್ಪತ್ರೆಯ ವೈದ್ಯರನ್ನು ಕೇಳಿಕೊಂಡು ಬಂದರಂತೆ.

ಆಮೇಲೆ ಹನ್ನೊಂದು ವರ್ಷ ಸಾದಲಿಯಲ್ಲಿ. ಅಲ್ಲಿಗೆ ಬಂದ ಆವಲಪ್ಪ ಎಂಬ ರೈತರು ಎದೆಯ ಮೇಲಿನ ಗಂಟನ್ನು ತೋರಿಸಿ, “ಕುಯ್ದಾಕ್ಬಿಡಮ್ಮ, ಪೀಡೆ ತೊಲಗಲಿ” ಎಂದು ಹಟ ಹಿಡಿದಿದ್ದರು. ಸಿಸ್ಟರ್ ಹೇಳಿದ ಮಾತನ್ನು ಆ ಕಡೆಯವರು ಇವತ್ತಿಗೂ ಹೇಳುತ್ತಾರೆ.

“ಉಬ್ಬಿದ ಕಲೇಲಿ ಎರಡು ಜಾತಿ ಕಣಪ್ಪ. ಒಂದು ತನ್ನ ಬದುವಿನೊಳಗೇ ಇರುತ್ತೆ, ಗಾಯ ಎಷ್ಟಿತ್ತೋ ಅಷ್ಟೇ. ಕಾಲ ಕಳೀತಾ ತಾನೇ ತಗ್ಗುತ್ತೆ. ಇನ್ನೊಂದು ಬದು ದಾಟಿ ಪಕ್ಕದ ಚರ್ಮಾನೂ ಒತ್ತುವರಿ ಮಾಡುತ್ತೆ. ಅದೇ ಕೀಲಾಯ್ಡು. ಬರೀ ಕುಯ್ದ್ರೆ ಇನ್ನೂ ದೊಡ್ಡದಾಗಿ ಬರುತ್ತೆ.”

“ಅಂದ್ರೆ ನಮ್ಮ ಪಕ್ಕದ ಹೊಲದ ಚೆನ್ನರಾಯಪ್ಪನ ಥರ ಅನ್ನು. ಸರ್ವೇಯರ್‌ನ ಕರೆಸಿದ ಮೇಲೆ ಎರಡು ಸಾಲು ಜಾಸ್ತಿ ಉತ್ತ, ಕಳ್ನನ್ಮಗ!”

“ಹೂಂ, ಅವನೇ. ಅವನ ಹತ್ರ ಜಗಳ ಆಡಿದ್ರೆ ಆಗಲ್ಲ. ತಿಂಗಳು ತಿಂಗಳೂ ಬಂದು ನಿಧಾನಕ್ಕೆ ಕೂರಿಸ್ಬೇಕು.”

ಆವಲಪ್ಪನವರು ಎಂಟು ತಿಂಗಳು ತಪ್ಪದೆ ಬಂದರು. ಪ್ರತಿ ಸಲವೂ ಬಾಗಿಲಲ್ಲೇ ನಿಂತು, “ಚೆನ್ನರಾಯಪ್ಪ ಎಷ್ಟು ಹಿಂದಕ್ಕೋದ ನೋಡಮ್ಮ” ಎಂದು ಅಂಗಿ ಬಿಚ್ಚುತ್ತಿದ್ದರು.

ಸಿಸ್ಟರ್ ಶಿಡ್ಲಘಟ್ಟದ ಟ್ರಸ್ಟ್ ಆಸ್ಪತ್ರೆಗೆ ವರ್ಗವಾಗಿ ಬಂದದ್ದು ೨೦೧೨ರಲ್ಲಿ. ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡಿನಿಂದ ರೇಷ್ಮೆ ಬಿಚ್ಚುವವರ ಊರು ಇದು; ಸುಟ್ಟ ಕೈಗಳೆಲ್ಲ ಅವರ ಮುಂದೆ ಬಂದವು. ಚಿಕ್ಕಬಳ್ಳಾಪುರದಿಂದ ಚರ್ಮವೈದ್ಯ ಮುರಳಿಮೋಹನ್ ಅವರನ್ನು ಒಪ್ಪಿಸಿ, ಗುರುವಾರ ಗುರುವಾರ ಕಲೆಗಳಿಗೆಂದೇ ಒಂದು ಹೊತ್ತು ಮೀಸಲಿಡಿಸಿದವರೂ ಅವರೇ. ಗಂಟು ತಗ್ಗಿಸುವ ಔಷಧಿಯ ಸೂಜಿ ಹಾಕುವುದು ಡಾಕ್ಟರು. ಹಾಕಿಸಿಕೊಳ್ಳುವ ಧೈರ್ಯ ಕೊಡುವುದು ಸಿಸ್ಟರು.

ಬುಷ್ರಾ ಅಲ್ಲಿಗೆ ಹೋದಾಗ ಅವಳಿಗೆ ಹತ್ತೊಂಬತ್ತು. ಆಸೆಪಟ್ಟು ಕಿವಿಯ ಮೇಲಂಚಿಗೆ ಚುಚ್ಚಿಸಿದ ಎರಡನೇ ತೂತು ಹುಣಸೆಬೀಜದಷ್ಟು ಗಂಟಾಗಿತ್ತು. ಎರಡು ತಿಂಗಳ ಸೂಜಿಗೆ ಅದು ಮೆತ್ತಗೂ ಆಯಿತು. ಅಷ್ಟರಲ್ಲಿ ಚಿಂತಾಮಣಿಯಿಂದ ಹೆಣ್ಣು ನೋಡಲು ಬರುತ್ತಾರೆಂಬ ಸುದ್ದಿ ಬಂತು. ದುಪಟ್ಟಾ ಸರಿಸಿ ಕಿವಿ ನೋಡದ ಹೆಂಗಸರುಂಟೇ?

“ಇನ್ನಾರು ತಿಂಗಳು ತಾಳಮ್ಮ” ಎಂದರು ಸಿಸ್ಟರ್. ಹೂಂ ಎಂದು ತಲೆಯಾಡಿಸಿ ಬಂದವಳು ತಾಳಲಿಲ್ಲ.

ನರಹುಲಿಗೆ ರೇಷ್ಮೆ ಎಳೆ ಬಿಗಿದರೆ ಉದುರುತ್ತದೆ ಎಂಬುದು ನೂಲು ಬಿಚ್ಚುವ ಮನೆಗಳ ಮಾತು. ಹಸಿ ರೇಷ್ಮೆಯಲ್ಲಿ ಅಂಟು ಇರುತ್ತದೆ, ಒಣಗಿದಷ್ಟೂ ಬಿಗಿಯುತ್ತದೆ. ಬುಷ್ರಾ ರಾಟೆಯಿಂದ ಒಂದು ಎಳೆ ಕಿತ್ತು, ಕನ್ನಡಿ ನೋಡಿಕೊಂಡು ಗಂಟಿನ ಬುಡಕ್ಕೆ ಮೂರು ಸುತ್ತು ಬಿಗಿದಳು. ನಾಲ್ಕನೇ ದಿನ ಕಿವಿ ಕಪ್ಪಗಾಗಿ ಕೀವು ಸುರಿಯಿತು, ಮೈ ಕಾದ ಹೆಂಚಾಯಿತು. ಅಬ್ಬಾ ಷರೀಫ್ ಅವರು, “ಯಾರು ಮಾಡಿದ್ದಿದು?” ಎಂದು ಗದರಿದಾಗ ಅವಳ ಬಾಯಿಂದ ಬಂದದ್ದು ಇಷ್ಟು: “ಡಾಕ್ಟರ್ ಇಲ್ಲದ ದಿನ ಸಿಸ್ಟರೇ ಸೂಜಿ ಹಾಕಿದ್ರು.”

ಅಬ್ಬಾ ಆಸ್ಪತ್ರೆಯ ಅಂಗಳದಲ್ಲಿ ನಿಂತು, ನೂರು ಜನರ ಮುಂದೆ, “ಸೂಜಿ ಹಾಕೋಕೆ ನೀನ್ಯಾವ ದೊಡ್ಡ ಡಾಕ್ಟ್ರಮ್ಮ?” ಎಂದು ಕೂಗಾಡಿದರು. ಸಿಸ್ಟರ್ ಬುಷ್ರಾಳನ್ನು ಒಳಗೆ ಕರೆದೊಯ್ದು, ಪರದೆ ಎಳೆದು, ಗಾಯ ತೊಳೆದು, ಮಾಂಸದೊಳಗೆ ಹೂತಿದ್ದ ರೇಷ್ಮೆ ಎಳೆಯನ್ನು ಚಿಮಟದಿಂದ ಬಿಡಿಸಿ ತೆಗೆದರು. ಅದನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದರು.

ಅಬ್ಬಾ ಬರೆದುಕೊಟ್ಟ ದೂರಿನ ಮೇಲೆ ವಿಚಾರಣೆ ನಡೆಯಿತು. ಸಿಸ್ಟರ್ “ನಾನು ಹಾಕಿಲ್ಲ” ಎಂದದ್ದು ಬಿಟ್ಟರೆ ಮತ್ತೇನೂ ಹೇಳಲಿಲ್ಲ. ಸಿಸ್ಟರೇ ಹಾಕಿದ್ದಾ ಎಂದು ಬುಷ್ರಾಳನ್ನು ಕೇಳಿದರು. ಅವಳು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು. ಮೂವತ್ತೆರಡು ವರ್ಷ ಗಾಯ ಕಟ್ಟಿದ ಕೈ ಶಿಕ್ಷೆಯೆಂದು ಒಂದು ವರ್ಷ ಕಿಟಕಿಯಲ್ಲಿ ಕೂತು ಚೀಟಿ ಹರಿಯಿತು.

ಚಿಂತಾಮಣಿಯವರು ಬರಲಿಲ್ಲ. ಗಂಟು ಮಾತ್ರ ಮತ್ತೆ ಬಂತು, ನೆಲ್ಲಿಕಾಯಿಯಷ್ಟು. ವರ್ಷದ ಮೇಲೆ ಬುಷ್ರಾ ಹೆದರಿ ಹೆದರಿ ಹೋದಾಗ ಸಿಸ್ಟರ್ ಡ್ರೆಸ್ಸಿಂಗ್ ಕೋಣೆಗೆ ಆಗಷ್ಟೇ ಮರಳಿದ್ದರು.

“ಬಂದ್ಯಾ ತಾಯಿ? ಕೂತ್ಕೊ. ಊಟ ಆಯ್ತಾ?”

“ಸಿಸ್ಟರ್, ಅವತ್ತು ದಾರ...”

“ತೆಗೆದಿದ್ದು ನಾನೇ ಅಲ್ವೇನಮ್ಮ, ನಂಗೊತ್ತಿಲ್ವ? ಒಳ್ಳೆ ಗಟ್ಟಿ ರೇಷ್ಮೆ. ಮಾರ್ಕೆಟ್ಟಿಗೆ ಹಾಕಿದ್ರೆ ಒಳ್ಳೆ ರೇಟು ಸಿಕ್ತಿತ್ತು.”

“ಯಾಕೆ ತೋರಿಸ್ಲಿಲ್ಲ ನೀವು?”

“ತೋರಿಸಿದ್ರೆ ನೀನು ಈ ಬಾಗಿಲಿಗೆ ಮತ್ತೆ ಬರ್ತಿದ್ಯಾ? ಇದು ಮತ್ತೆ ಬೆಳೆಯುತ್ತೆ ಅಂತ ಗೊತ್ತಿತ್ತು ಕಣೇ. ಕಿವಿ ತೋರ್ಸು.”

ಡಾಕ್ಟರು ಗಂಟು ತೆಗೆದರು. ತೆಗೆದ ಜಾಗಕ್ಕೆ ತಿಂಗಳು ತಿಂಗಳೂ ಸೂಜಿ ಹಾಕಿದರು. ಗಂಟು ಮರಳದಂತೆ ಕಿವಿಯನ್ನು ಒತ್ತಿ ಹಿಡಿಯುವ ಕ್ಲಿಪ್ಪನ್ನು ಹಾಕಿ ತೆಗೆಯುವುದನ್ನು ಸಿಸ್ಟರ್ ಕೈ ಹಿಡಿದು ಕಲಿಸಿದರು. ಇವತ್ತು ಕಿವಿಯಲ್ಲಿ ಉಳಿದಿರುವುದು ಒಂದು ಗೆರೆ. ಆದರೂ ಅವಳು ಸಿಸ್ಟರ್ ಒಬ್ಬರ ಮುಂದೆ ಬಿಟ್ಟು ಬೇರೆ ಯಾರ ಮುಂದೆಯೂ ನಿಜ ಹೇಳಲಿಲ್ಲ. ಎರಡು ವರ್ಷ ಗಾಜ್ ಜೋಡಿಸಿದಳೇ ಹೊರತು ಬಾಯಿ ಬಿಡಲಿಲ್ಲ.

ಈ ಗ್ರಂಥಕ್ಕೆ ನಾಲ್ಕು ಮಾತು ಬರೆದುಕೊಡೆಂದು ಟ್ರಸ್ಟಿನ ಕಚೇರಿಯ ಹರಿಕೃಷ್ಣ ಅವರು ಕೇಳಿದಾಗಲೇ ಅವಳಿಗೆ ಗೊತ್ತಾದದ್ದು: ನಿವೃತ್ತಿಯ ನಂತರವೂ ಗುರುವಾರದ ಕಲೆಗಳನ್ನು ಸಿಸ್ಟರ್ ಅವರೇ ನೋಡಿಕೊಳ್ಳಲಿ ಎಂದು ಎಲ್ಲರಿಗೂ ಆಸೆಯಿದೆ, ಆದರೆ ಹೆಸರಿನ ಮೇಲೆ ದೂರು ಇರುವವರನ್ನು ಮುಂದುವರಿಸುವ ನಿಯಮವಿಲ್ಲ. ನಾನು ಸೈನ್ ಹಾಕಿಕೊಡಲೇ ಎಂದವಳಿಗೆ, “ನಿನ್ನ ಸೈನ್ ನಡೆಯಲ್ಲಮ್ಮ. ದೂರು ಕೊಟ್ಟೋರೇ ವಾಪಸ್ ತಗೋಬೇಕು. ಮೂವತ್ತನೇ ತಾರೀಖಿನೊಳಗೆ” ಎಂದರು.

ನೂರು ಬೇಸಿಗೆ ಕಂಡರೂ ಸಿಸ್ಟರ್ ಅವರ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ಮುಚ್ಚಿಕೊಂಡು ಬಂದವರು ಬಿಚ್ಚಿ ತೋರಿಸಲು ಗುರುವಾರದ ಆ ಕೋಣೆಯಲ್ಲಿ ಅವರೇ ಇರಲಿ. ಹೀಗೆ ಹಾರೈಸಿ ಬುಷ್ರಾ ಲೇಖನ ಮುಗಿಸಿದ್ದಳು. ಮುಗಿಸಿದ ಮೇಲೆ, ಹಾರೈಸಲು ತನಗೇನು ಹಕ್ಕು ಎನ್ನಿಸಿತು.

ಹಾಗಾಗಿ ನೆನ್ನೆ ಮಧ್ಯಾಹ್ನ ಊಟಕ್ಕೆ ಬಂದ ಅಬ್ಬಾನ ಮುಂದೆ ಇಷ್ಟನ್ನೂ ಮೊದಲಿಂದ ಓದಿದಳು, ದಾರದ ಭಾಗವನ್ನೂ ಬಿಡದೆ. ಅಮ್ಮಿ ಸೌಟು ಹಿಡಿದು ನಿಂತವರು ನಿಂತೇ ಇದ್ದರು. ಅಬ್ಬಾ ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಓದು ಮುಗಿದ ಮೇಲೆ ಅವಳು ದೂರು ಹಿಂದಕ್ಕೆ ಪಡೆಯುವ ಕಾಗದವನ್ನು ತಟ್ಟೆಯ ಪಕ್ಕಕ್ಕಿಟ್ಟಳು.

“ಅಬ್ಬಾ, ಇಲ್ಲೊಂದು ಸೈನ್ ಹಾಕಿ.”

ಅಬ್ಬಾ ಕೈ ತೊಳೆದರು. ಅಮ್ಮಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು; ಸೈನಿಲ್ಲದ ಕಾಗದ ಅಲ್ಲೇ ಉಳಿಯಿತು.

“ಒಂದೇ ಸೈನು ಅಬ್ಬಾ.”