ಬಿಚ್ಚಲು ಬಾರದ ಕುರ್ಚಿ

ಮೊಳೆ ಅಂದರೆ ಸಾಕು, ಈ ಬಡಗಿಗೆ ಮೈ ಉರಿಯುತ್ತಿತ್ತು. ಸ್ಕ್ರೂ, ಬೋಲ್ಟು ಅಂದರಂತೂ ಕೇಳಲೇಬೇಡಿ. ಮರಕ್ಕೆ ಕಬ್ಬಿಣ ಹೊಡೆಯುವವನು ಬಡಗಿಯೇ ಅಲ್ಲ ಅನ್ನುವುದು ಅವನ ವಾದ. ಒಂದು ಮರದ ತುದಿಯನ್ನು ನಾಲಿಗೆಯ ಹಾಗೆ ಕೊರೆಯಬೇಕು, ಇನ್ನೊಂದರಲ್ಲಿ ಅದಕ್ಕೆ ತಕ್ಕ ಗೂಡು ತೋಡಬೇಕು, ಅಂಟು ಸವರಿ ಕೂರಿಸಿ ಮೇಲೊಂದು ಬೆಣೆ ಬಡಿದರೆ ಮುಗಿಯಿತು, ಆಮೇಲೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಬೀದಿಯವರು ಅವನಿಗೆ ‘ಮೊಳೆವೈರಿ’ ಅಂತಲೇ ಹೆಸರಿಟ್ಟಿದ್ದರು. ಯಾರಾದರೂ ಗಿರಾಕಿ, “ಸ್ವಲ್ಪ ಅರ್ಜೆಂಟು, ನಾಲ್ಕು ಮೊಳೆ ಹೊಡೆದು ಕೊಟ್ಬಿಡಿ” ಅಂದರೆ, “ಸುತ್ತಿಗೆ ಕೊಡ್ತೀನಿ, ನೀವೇ ಹೊಡ್ಕೊಳ್ಳಿ” ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುವ ಆಸಾಮಿ. ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಹೆಂಡತಿ ಎಲ್ಲಿಗೆ ಹೋದಾಳು, ಪಾಪ! ಅವಳು ಅದೇ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ, ಮರದ ಹೊಟ್ಟು ಗುಡಿಸುತ್ತಾ, ಗಂಡನಿಗೆ ಬೈಯುತ್ತಾ ಸಂಸಾರ ಮಾಡಿಕೊಂಡು ಬಂದಳು.

ಇಂಥವನ ಹತ್ತಿರ, ಮದುವೆಯಾಗಿ ದೂರದ ಊರಿನಲ್ಲಿದ್ದ ಮಗಳು ಒಂದು ಕುರ್ಚಿ ಮಾಡಿಕೊಡು ಅಂದಳು. ಕುರ್ಚಿ ಅವಳಿಗಲ್ಲ, ಅವಳ ಮಗಳಿಗೆ. ಮೊಮ್ಮಗಳಿಗೆ ಆಗ ಐದು ವರ್ಷ. ಹುಟ್ಟಿದಾಗಿನಿಂದ ಬೆನ್ನು ನಿಲ್ಲದು, ಕುತ್ತಿಗೆ ನಿಲ್ಲದು. ಎತ್ತಿಕೊಂಡರೆ ತೋಳಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುವ ಕೂಸು. ಈಗ ಸೊಂಟದ ಮೂಳೆಗೆ ಆಪರೇಷನ್ ಆಗಬೇಕಿತ್ತು. ಆದ ಮೇಲೆ ದಿನಕ್ಕೆ ಇಷ್ಟು ಹೊತ್ತು ಅಂತ ನೆಟ್ಟಗೆ ಕೂರಿಸಲೇಬೇಕು, ಸರಿಯಾದ ಕುರ್ಚಿ ಮನೆಯಲ್ಲಿ ಇದ್ದರೇನೇ ಮಗುವನ್ನು ಮನೆಗೆ ಬಿಡುತ್ತೇವೆ ಅಂದಿದ್ದರು ಆಸ್ಪತ್ರೆಯವರು. ಅವರ ಹತ್ತಿರವೇ ಎರವಲು ಕೊಡುವ ಕುರ್ಚಿಯೊಂದಿತ್ತು. ಮಗಳು, “ನಮ್ಮಪ್ಪ ಮಾಡಿ ತರ್ತಿದ್ದಾರೆ, ಇದನ್ನ ಬೇರೆ ಮಗುಗೆ ಕೊಡಿ” ಅಂದುಬಿಟ್ಟಳು. ಅಪ್ಪನ ಕೈಗೆಲಸದ ಮೇಲೆ ಅಷ್ಟು ನಂಬಿಕೆ ಅವಳಿಗೆ.

ಅಳತೆ ಕಳಿಸಿದ ದಿನ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಳು. “ಅಪ್ಪಾ, ಅಂಟು ಹಾಕ್ಬೇಡ. ಬೋಲ್ಟ್ ಹಾಕು. ಬಿಚ್ಚಿ ಜೋಡಿಸೋ ಹಾಗಿರ್ಲಿ. ವಿಮಾನದಲ್ಲಿ ತರೋಕೂ ಸುಲಭ, ಆಮೇಲೂ ಬೇಕಾಗುತ್ತೆ.”

“ಹೂಂ ಕಣಮ್ಮಾ, ಹೂಂ” ಅಂದ ಮೊಳೆವೈರಿ.

ಹೂಂ ಅಂದದ್ದು ಬಾಯಿ ಅಷ್ಟೇ. ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಬೋಲ್ಟು ದಿನ ಕಳೆದ ಹಾಗೆ ಸಡಿಲವಾಗುತ್ತದೆ, ಜೋತು ಬೀಳುವ ಕೂಸು ಆಗೊಮ್ಮೆ ಈಗೊಮ್ಮೆ ಮೈ ಸೆಟೆದುಕೊಂಡು ಒದೆಯುವುದೂ ಉಂಟು, ಆಗ ಕುರ್ಚಿ ಕಳಚಿದರೆ ಗತಿಯೇನು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎತ್ತರದ ಬೆನ್ನು, ತಲೆಗೆ ಎರಡೂ ಕಡೆ ಆನಿಕೆ, ಪಕ್ಕೆ ಹಿಡಿದುಕೊಳ್ಳಲು ರೆಕ್ಕೆ, ಮುಂದೊಂದು ಹಲಗೆ, ಕಾಲಿಡಲು ಇನ್ನೊಂದು ಹಲಗೆ. ಎಲ್ಲಾ ಗೂಡು, ನಾಲಿಗೆ, ಅಂಟು, ಬೆಣೆ. ಅಂಚುಗಳನ್ನು ಉಜ್ಜಿ ಉಜ್ಜಿ ಕೆನ್ನೆಯ ಹಾಗೆ ಮಾಡಿದ. ನೋಡಿದರೆ ದೃಷ್ಟಿ ತಾಗಬೇಕು, ಹಾಗಿತ್ತು ಬಿಡಿ. ಮಗಳಿಗೆ ಮಾತ್ರ “ನೀನು ಹೇಳಿದ ಹಾಗೇ ಆಗಿದೆ” ಅಂತ ತಿಪ್ಪೆ ಸಾರಿಸಿದ.

ಹೊರಡುವ ದಿನ ಬೆಳಿಗ್ಗೆಯಿಂದಲೇ ಗೋಳು ಶುರುವಾಯಿತು. ಹಳೇ ಕಂಬಳಿ ಸುತ್ತಿ ಹಗ್ಗ ಬಿಗಿದ ಕುರ್ಚಿ ಮೊದಲ ಟ್ಯಾಕ್ಸಿಯ ಬಾಗಿಲಲ್ಲಿ ತೂರಲಿಲ್ಲ. ಎರಡನೆಯವನು, “ಮೇಲೆ ಕಟ್ಟಿದ್ರೆ ಪೇಂಟ್ ಹೋಗುತ್ತೆ” ಅಂತ ರಾಗ ಎಳೆದು ಹೊರಟೇ ಹೋದ. ಕೊನೆಗೆ ಸಿಕ್ಕಿದವನ ಗಾಡಿಯ ನೆತ್ತಿಗೆ ಕಟ್ಟಿ, ದಾರಿಯುದ್ದಕ್ಕೂ ಕಿಟಕಿಯಿಂದ ಕೈ ಹೊರಗೆ ಹಾಕಿ ಹಗ್ಗ ಹಿಡಿದುಕೊಂಡೇ ಕೂತ ಮೊಳೆವೈರಿ. ಪ್ರತಿ ಉಬ್ಬಿಗೂ ಅವನ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಕೇಳಿದಳು: “ಬಿಚ್ಚೋಕೆ ಬರುತ್ತೆ ಅಂದ ಮೇಲೆ ಮನೇಲೇ ಬಿಚ್ಚಿ ಕಟ್ಟಿದ್ರೆ ಆಗ್ತಿರ್ಲಿಲ್ವೇನ್ರೀ?”

“ಸುಮ್ನಿರು, ನಿಂಗೊತ್ತಾಗಲ್ಲ” ಅಂದ. ಗಂಡ ಹೀಗೆ ಅಂದಾಗೆಲ್ಲಾ ಏನೋ ಎಡವಟ್ಟಾಗಿರುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಬ್ಬರೂ ವಿಮಾನ ಹತ್ತುತ್ತಿದ್ದುದು ಅದೇ ಮೊದಲು. ನುಣುಪು ನೆಲದ ಮೇಲೆ ತಳ್ಳುಗಾಡಿ ಒಂದು ಕಡೆ ಎಳೆದರೆ ಕುರ್ಚಿ ಇನ್ನೊಂದು ಕಡೆ ವಾಲುತ್ತಿತ್ತು. ಸಾಲಿನಲ್ಲಿದ್ದವರು ಮೊಣಕಾಲು ಉಜ್ಜಿಕೊಳ್ಳುತ್ತಾ ದುರುಗುಟ್ಟಿ ನೋಡಿದರು. ಕೌಂಟರಿನ ಹುಡುಗಿ ಬಟ್ಟೆಯ ಚೀಲವನ್ನೂ ಉಳಿ, ಗರಗಸಗಳಿದ್ದ ಚೀಲವನ್ನೂ ಬೆಲ್ಟಿನ ಮೇಲೆ ಒಳಗೆ ಕಳಿಸಿದಳು. ಆಮೇಲೆ ಕಂಬಳಿಯ ಗಂಟನ್ನು ನೋಡಿ, “ಇದೇನು ಅಂಕಲ್?” ಅಂದಳು.

“ಕುರ್ಚಿ ಕಣಮ್ಮಾ. ಮೊಮ್ಮಗಳದ್ದು.”

ದೊಡ್ಡ ಸಾಮಾನಿನ ಕಡೆಗೆ ಕಳಿಸಿದರು. ಅಲ್ಲಿಯ ತಪಾಸಣೆ ಯಂತ್ರದ ಬಾಯಿಗೆ ಕುರ್ಚಿಯನ್ನು ಹೀಗೆ ಇಟ್ಟು ನೋಡಿದರು, ಹಾಗೆ ಮಲಗಿಸಿ ನೋಡಿದರು. ಉಹೂಂ. ಬೆನ್ನು ಹಿಡಿಸಿದರೆ ಕಾಲು ಸಿಕ್ಕಿಕೊಳ್ಳುತ್ತದೆ, ಕಾಲು ಹಿಡಿಸಿದರೆ ತಲೆಯ ಆನಿಕೆ. ಹುಡುಗಿಯೇ ಓಡಿ ಬಂದಳು. “ಒಳಗೆ ಹೋಗದೇ ಇದ್ರೆ ವಿಮಾನಕ್ಕೆ ಹಾಕೋ ಹಾಗಿಲ್ಲ ಅಂಕಲ್. ಬಿಚ್ಚಿ ಕೊಡಿ, ತೊಗೊಳ್ತೀವಿ. ಬೇಗ ಆಗ್ಬೇಕು, ಕೌಂಟರ್ ಮುಚ್ಚುತ್ತೆ.”

“ಬಿಚ್ಚಿ ಕೊಡ್ರೀ” ಅಂದಳು ಹೆಂಡತಿ.

ಮೊಳೆವೈರಿ ಕಂಬಳಿಯ ಹಗ್ಗವನ್ನು ಇನ್ನಷ್ಟು ಬಿಗಿದ. “ಬಿಚ್ಚೋಕಾಗಲ್ಲ” ಅಂದ.

“ಏನಂದ್ರಿ?”

“ಅಂಟು ಹಾಕಿದ್ದೀನಿ. ಬೆಣೆ ಹೊಡೆದಿದ್ದೀನಿ. ಬಿಚ್ಚೋಕಾಗಲ್ಲ ಕಣೇ.”

ಅವಳು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಅಲ್ಲೇ ತಳ್ಳುಗಾಡಿಯ ಅಂಚಿಗೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ, ಸಾಮಾನು ಸಾಗಿಸುವ ವಿಮಾನದಲ್ಲಿ ಬೇರೆಯಾಗಿ ಕಳಿಸಬಹುದು ಅಂದಳು. ಯಾವಾಗ ತಲುಪುತ್ತೆ ಅಂದರೆ ವಾರ ಆಗಬಹುದು, ಹೆಚ್ಚೂ ಆಗಬಹುದು ಅಂದಳು. ಆಪರೇಷನ್ ಆಗಿ ಕೂಸು ಅಲ್ಲಿ ಮಲಗಿದೆ, ನಾಳೆ ಬೆಳಿಗ್ಗೆ ಮನೆಗೆ ಬಿಡಬೇಕು, ಎರವಲಿನ ಕುರ್ಚಿ ಬೇರೆ ಯಾರದೋ ಮನೆ ಸೇರಿಯಾಗಿದೆ. ಮಗಳು ಯಾರ ಮಾತು ನಂಬಿ ಅದನ್ನು ಬಿಟ್ಟುಕೊಟ್ಟಳು?

“ಕೊಯ್ದುಬಿಡ್ರೀ” ಅಂದಳು ಹೆಂಡತಿ, ತಲೆ ಎತ್ತದೆ.

ಕೊಯ್ಯಲು ಗರಗಸ ಬೇಕಲ್ಲ? ಅವನದ್ದು ಆಗಲೇ ಬೆಲ್ಟು ಹತ್ತಿ ಒಳಗೆ ಹೋಗಿತ್ತು. ಬಾಗಿಲಾಚೆ ಒಂದು ಅಂಗಡಿಗೆ ಪ್ಲೈವುಡ್ ಹೊಡೆಯುತ್ತಿದ್ದ ಕೆಲಸಗಾರ ಕಂಡ. ಬಾಯಿ ತುಂಬಾ ಮೊಳೆ ಕಚ್ಚಿಕೊಂಡಿದ್ದ! ಬೇರೆ ದಿನವಾಗಿದ್ದರೆ ಮೊಳೆವೈರಿ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇವತ್ತು ಎರಡೂ ಕೈ ಮುಗಿದು, “ಅಣ್ಣಾ, ಒಂದ್ಸಲ ಗರಗಸ ಕೊಡಣ್ಣಾ” ಅಂದ. ಆತ ಒಮ್ಮೆ ಇವನ ಮುಖ, ಒಮ್ಮೆ ಕುರ್ಚಿ ನೋಡಿ, ಮಾತಾಡದೆ ಕೊಟ್ಟ.

ಗರಗಸವೋ, ಮೊಂಡು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕುರ್ಚಿ ಮಲಗಿಸಿ, ಕಂಬಳಿ ಬಿಡಿಸಿ, ಹೆಂಡತಿ ಮೊಣಕಾಲೂರಿ ಅದುಮಿ ಹಿಡಿದಳು. ಕೂಡಿಕೆಯಲ್ಲಿ ಕೊಯ್ದರೆ ಮತ್ತೆಂದೂ ಕೂಡದು, ಕಾಲಿನ ನಡುವೆ ಕೊಯ್ದರೆ ಪಟ್ಟಿ ಹಾಕಿ ಬಿಗಿಯಬಹುದು. ಹಾಗೆಂದು ಗುರುತು ಮಾಡಿಕೊಂಡು ಎಳೆಯತೊಡಗಿದ. ಮರ ಕಿರುಗುಟ್ಟಿತು. ಜನ ಸೂಟ್‌ಕೇಸು ಎಳೆದುಕೊಂಡು ಹೋಗುತ್ತಾ ಹೋಗುತ್ತಾ ನಿಂತು ನೋಡಿದರು, ಒಬ್ಬ ಫೋನು ಎತ್ತಿ ಹಿಡಿದ. ನಾಚಿಕೆ, ಸಿಟ್ಟು, ಸಂಕಟ ಎಲ್ಲಾ ಸೇರಿ ಮೊಳೆವೈರಿಯ ಕಣ್ಣು ಮಂಜಾಯಿತು. ತಿಂಗಳುಗಟ್ಟಲೆ ಉಜ್ಜಿದ ಕಾಲುಗಳು ಒಂದೊಂದಾಗಿ ಕಟ್ಟೆಯ ಮೇಲೆ ಉರುಳಿದವು. ಆಮೇಲೆ ತಲೆಯ ಆನಿಕೆ. ಅದನ್ನು ಕೊಯ್ಯುವಾಗ ಮೊಂಡು ಗರಗಸ ಜಾರಿ ಗೆರೆ ಸೊಟ್ಟಗೆ ಹೋಯಿತು.

“ಹೋಗ್ಲಿ ಬಿಡಿ, ಹೋಗ್ಲಿ ಬಿಡಿ” ಅನ್ನುತ್ತಲೇ ಇದ್ದಳು ಹೆಂಡತಿ. ಅಳುತ್ತಲೂ ಇದ್ದಳು.

ತುಂಡುಗಳು ಯಂತ್ರದ ಬಾಯಲ್ಲಿ ಸಲೀಸಾಗಿ ಹೋದವು. ಇಬ್ಬರೂ ಓಡಿ, ಎಲ್ಲರಿಗಿಂತ ಕೊನೆಗೆ ವಿಮಾನ ಹತ್ತಿದರು. ಮೋಡ ನೋಡುವ ಆಸೆ ಇಟ್ಟುಕೊಂಡಿದ್ದ ಹೆಂಡತಿ ಕಿಟಕಿಯ ಕಡೆ ತಿರುಗಲೂ ಇಲ್ಲ. ಕಾಲುಗಳು ಒಂದು ಕಡೆ, ಕುರ್ಚಿ ಇನ್ನೊಂದು ಕಡೆ ಹೋಗಿಬಿಟ್ಟರೆ ಅನ್ನುವ ಯೋಚನೆಯಲ್ಲೇ ಅವನು ಪ್ರಯಾಣ ಮುಗಿಸಿದ. ಇಳಿದ ಮೇಲೆ ಬೆಲ್ಟಿನ ಹತ್ತಿರ ಎಲ್ಲರ ಸಾಮಾನು ಬಂದು ಮುಗಿದರೂ ಇವರದ್ದಿಲ್ಲ. ಕೊನೆಗೆ ಪಕ್ಕದ ಬಾಗಿಲಿಂದ ಯಾರೋ ತಳ್ಳಿಕೊಂಡು ಬಂದರು. ಎಲ್ಲಾ ಇತ್ತು. ಅವನು ಅಲ್ಲೇ ನಿಂತು ತುಂಡುಗಳನ್ನು ಮುಟ್ಟಿ ಮುಟ್ಟಿ ನೋಡಿದ.

ಮನೆಯಲ್ಲಿ ಮಗಳು ಕುರ್ಚಿಯ ತುಂಡುಗಳನ್ನು ತಿರುಗಿಸಿ ನೋಡಿದಳು. ಆಸ್ಪತ್ರೆಯ ಓಡಾಟದಲ್ಲಿ ಕಣ್ಣ ಸುತ್ತ ಕಪ್ಪಾಗಿತ್ತು. “ಜೋಡಿಸೋಕಾಗುತ್ತಾ?” ಅಂತ ಮಾತ್ರ ಕೇಳಿದಳು. ಆಗುತ್ತೆ ಅಂದ. ಬೀದಿಯ ಅಂಗಡಿಯಿಂದ ಕಬ್ಬಿಣದ ಪಟ್ಟಿ, ಬೋಲ್ಟು ತಾನೇ ಹೋಗಿ ತಂದು, ಅಡುಗೆಮನೆಯ ನೆಲದ ಮೇಲೆ ಕೂತು ಕಾಲುಗಳನ್ನು ಬಿಗಿದ. ತಲೆಯ ಆನಿಕೆ ಸೊಟ್ಟಗಿದ್ದ ಕಡೆ ಸಣ್ಣ ಚಕ್ಕೆ ಕೂರಿಸಿದ. ಕುರ್ಚಿ ನಿಂತಿತು. ಮರುದಿನ ಬೆಳಿಗ್ಗೆ ಮಗಳು ಆಸ್ಪತ್ರೆಯವರಿಗೆ ಅದರ ಫೋಟೋ ತೋರಿಸಿ ಕೂಸನ್ನು ಕರೆತಂದಳು.

ಮೆಲ್ಲಗೆ ಕೂರಿಸಿದರು. ಬೆನ್ನು ನಿಂತಿತು. ಕುತ್ತಿಗೆ ನಿಂತಿತು. ಕೂಸು ತಲೆ ಎತ್ತಿ ಅಜ್ಜಿಯ ಮುಖವನ್ನು ನೇರ ನೋಡಿತು, ಅಜ್ಜಿ “ಅಯ್ಯೋ ನನ್ನ ಬಂಗಾರ” ಅಂತ ಕೆನ್ನೆ ಹಿಡಿದುಕೊಂಡಳು. ಆದರೆ ಕಾಲು? ಕಾಲಿಡುವ ಹಲಗೆ ಮೇಲಿತ್ತು. ಮೊಣಕಾಲು ಮಡಚಿಕೊಂಡು ಮುಂದಿನ ಹಲಗೆಗೆ ತಾಗುತ್ತಿತ್ತು. ಕೂಸು ನರಳಿತು.

ಮೊಳೆವೈರಿ ಬಗ್ಗಿ ಹಲಗೆಗೆ ಗೇಣು ಹಾಕಿ ನೋಡಿದ. “ನನ್ನ ಅಳತೆ ತಪ್ಪೋಕೆ ಸಾಧ್ಯಾನೇ ಇಲ್ಲ!”

“ಅಳತೆ ತಪ್ಪಿಲ್ಲಪ್ಪ. ಅದು ನಾನು ಕಳಿಸಿದಾಗಿನ ಅಳತೆ. ಆಮೇಲೆ ಬೆಳೆದಿದ್ದಾಳೆ.”

“ಬೆಳೆದಿದ್ದಾಳಾ?”

ಅವನು ಕೇಳಿದ ರೀತಿಗೆ ಮಗಳು ತಿರುಗಿ ನೋಡಿದಳು. “ಯಾಕಪ್ಪಾ? ಬೆಳೀಬಾರ್ದಾ?”

ಅವನು ಕಾಲಿಡುವ ಹಲಗೆ ಹಿಡಿದು ಅಲ್ಲಾಡಿಸಿ ನೋಡಿದ.

“ಬೋಲ್ಟ್ ಹಾಕು ಅಂದಿದ್ದು ವಿಮಾನಕ್ಕೆ ಮಾತ್ರ ಅಲ್ಲಪ್ಪ. ಇವಳು ಎತ್ತರ ಆದ ಹಾಗೆ ಹಲಗೆ ಇಳಿಸೋಣ ಅಂತ. ನಿನಗೆ ಇವಳು ಬೆಳೀತಾಳೆ ಅಂತ ಅನ್ನಿಸ್ಲೇ ಇಲ್ವಾ?”

“ರೀ, ಏನಾದ್ರೂ ಹೇಳ್ರೀ” ಅಂದಳು ಹೆಂಡತಿ.

ಕೂಸು ಹುಟ್ಟಿದ ವಾರ, ಹೆಚ್ಚು ಆಸೆ ಇಟ್ಕೋಬೇಡಿ ಅಂತ ಡಾಕ್ಟರೊಬ್ಬರು ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಐದು ವರ್ಷ ಅದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದ. ಈ ಕುರ್ಚಿ ಮಾಡುವಾಗ, ಇದೊಂದು ಚೆನ್ನಾಗಿರಲಿ, ಇನ್ನೊಂದು ಮಾಡುವ ಪ್ರಸಂಗ ಬರಲಾರದು ಅಂದುಕೊಂಡೇ ಬೆಣೆ ಬಡಿದಿದ್ದ.

“ಅನ್ನಿಸ್ಲಿಲ್ಲ ಮಗಳೇ” ಅಂದ. “ಸುಳ್ಳು ಹೇಳಲಾರೆ. ಅನ್ನಿಸ್ಲಿಲ್ಲ.”

ಮಗಳು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಬೆನ್ನು ಸವರಿದಳು. “ನನಗೂ ಎಷ್ಟೋ ದಿನ ಅನ್ನಿಸಲ್ಲಪ್ಪ” ಅಂದಳು ಆಮೇಲೆ. “ಆದ್ರೂ ಬಟ್ಟೆ ತರುವಾಗ ಒಂದು ಸೈಜು ದೊಡ್ಡದೇ ತರ್ತೀನಿ.”

ಅವನು ನೆಲಕ್ಕೆ ಕೂತ. ಚೀಲದಿಂದ ತನ್ನ ಗರಗಸ ತೆಗೆದು ಕಾಲಿಡುವ ಹಲಗೆಯನ್ನು ಕೊಯ್ದು ಬಿಡಿಸಿದ. ಬೋಲ್ಟಿಗೆ ತೂತು ಕೊರೆಯಲು ಬೈರಿಗೆ ಹಿಡಿದು, ಕುರ್ಚಿಯ ಕಾಲಿನ ಮೇಲೆ ಈಗಿನ ಅಳತೆಗೆ ಒಂದು ಗುರುತು ಮಾಡಿದ. ಅದರ ಕೆಳಗೆ ಇನ್ನೊಂದು ಮಾಡಲೋ ಬೇಡವೋ ಅನ್ನುವ ಹಾಗೆ ಕೈ ತಡೆಯಿತು. ತಲೆ ಎತ್ತದೆಯೇ ಕೇಳಿದ:

“ಎಲ್ಲೀವರೆಗೂ ಹಾಕ್ಲಿ?”

“ನೆಲದವರೆಗೂ ಹಾಕಪ್ಪ” ಅಂದಳು ಮಗಳು.