ಯಾರೂ ಮುಟ್ಟದ ಕೌದಿ

ಅಪರಾಧ ಪ್ರಕರಣಗಳಲ್ಲಿ ಸಿಕ್ಕ ಕಲೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಅವತ್ತು ಮೇಜಿನ ಮೇಲೆ ಆ ಕೌದಿ ಬಿಚ್ಚಿದಾಗ ನಮ್ಮ ಮನೆಯ ವಾಸನೆಯೇ ಬಂತು. ನವಲಗುಂದದ ಹತ್ತಿರದ ನಮ್ಮ ಹಳ್ಳಿಯಲ್ಲೂ ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದು ಇಂಥವೇ ಕೌದಿ ಮಾಡುತ್ತಾರೆ. ಇದು ಕಲಘಟಗಿ ಕಡೆಯ ಒಂದು ಮನೆಯ ಕೊಟ್ಟಿಗೆಯಿಂದ ಬಂದಿತ್ತು. ಆ ಮನೆಯ ಸೊಸೆ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಬಹಳ ದಿನ ನೀರಿನಲ್ಲಿದ್ದ ಹೆಣ ಏನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಉಳಿದದ್ದು ಕೌದಿಯ ಮೇಲಿನ ಅಂಗೈಯಗಲ ರಕ್ತದ ಕಲೆ.

“ಹೊರಗಾದಾಗ ಹಾಸ್ಕೊಂಡು ಕೂಡೂ ಕೌದಿ ಐತ್ರಿ ಮೇಡಂ,” ಎಂದಳು ತಂದುಕೊಟ್ಟ ಪೊಲೀಸಾಕೆ. “ಅದು ತಿಂಗಳ ರಕ್ತ, ಆಕಿ ತಾನಾ ಬಾವಿಗೆ ಹಾರ್ಯಾಳ ಅಂತಾರ್ರಿ ಗಂಡನ ಮನ್ಯಾವ್ರು. ಮಗಳು ಹೊರಗಾಗೂ ದಿನಾನ ಅಲ್ಲ, ಹೊಡದು ಹಾಕ್ಯಾರ ಅಂತಾಳ ತಾಯಿ. ಮನಿ ಎಲ್ಲಾ ತೊಳದು ಸಾರಿಸಿ ಬಿಟ್ಟಾರ. ಇದನ್ನಷ್ಟ ಯಾರೂ ಮುಟ್ಟಿಲ್ಲ ನೋಡ್ರಿ.”

ಮೈಲಿಗೆಯ ಭಯಕ್ಕೆ ಸಾಕ್ಷಿ ಉಳಿದಿತ್ತು. ನಗಬೇಕೋ ಉಗಿಯಬೇಕೋ ನನಗೆ ತಿಳಿಯಲಿಲ್ಲ.

ರಕ್ತ ಆಕೆಯದೇ ಎಂದು ಡಿಎನ್‌ಎ ಹೇಳಿತು. ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ಮೈಯಲ್ಲಿ ಎಲ್ಲಿಂದ ಬಂದ ರಕ್ತ ಎನ್ನುವುದೇ ಪ್ರಶ್ನೆ. ಒಬ್ಬರ ಮೈಯಲ್ಲೆಲ್ಲ ಡಿಎನ್‌ಎ ಒಂದೇ. ಆದರೆ ಅದರ ಮೇಲೆ ಕೂತ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಗರ್ಭಕೋಶದ ಒಳಪದರದಲ್ಲಿ ಒಂದು ಥರ, ರಕ್ತನಾಳದ ರಕ್ತದಲ್ಲಿ ಇನ್ನೊಂದು ಥರ ಇರುತ್ತವೆ. ಮುಟ್ಟಿನ ರಕ್ತವಾಗಿದ್ದರೆ ಗರ್ಭಕೋಶದ ಗುರುತು ಕಾಣಬೇಕು. ಮತ್ತೆ ಮತ್ತೆ ನೋಡಿದೆ. ಇರಲಿಲ್ಲ. ಅದು ಗಾಯದಿಂದ ಸುರಿದ ರಕ್ತ.

ವರದಿ ಬರೆದು ಸಹಿ ಹಾಕಿದೆ. ಆ ತಾಯಿಯ ಮಾತಿಗೆ ಆಧಾರ ಸಿಕ್ಕಿತೆಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮುಟ್ಟಾಗಿರದ ಹೆಂಗಸು ಕೊಟ್ಟಿಗೆಗೆ ಹೋಗಿ ಆ ಕೌದಿಯ ಮೇಲೆ ಯಾಕೆ ಕೂತಳು? ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕಣ್ಣು ಮುಚ್ಚಿದಾಗ, ಆಕೆ ಮೊಣಕಾಲು ತಬ್ಬಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಕೂತೇ ಇರುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ಒಂದು ದಿನ ಕಂಡಿತು, ನಮ್ಮವ್ವನ ಮುಖ.

ನಾನು ಸಣ್ಣವಳಿದ್ದಾಗ ಅವ್ವ ಓಣಿಯ ಬೇರೆ ಹೆಂಗಸರಿಗಿಂತ ಹೆಚ್ಚು ಸಲ ಹೊರಗೆ ಕೂಡುತ್ತಿದ್ದಳು. “ಈಕೀದು ಯಾವಾಗ್ಲೂ ಇದ್ದದ್ದ,” ಎಂದು ಅಜ್ಜಿ ಗೊಣಗುತ್ತಿದ್ದಳು. ಊರಿಗೆ ಹೋದಾಗ ಕೇಳಿಯೇಬಿಟ್ಟೆ. ಅವ್ವ ಮೆಂತ್ಯೆ ಪಲ್ಲೆ ಸೋಸುತ್ತಿದ್ದಳು.

“ಯವ್ವಾ, ಆವಾಗ ಅಷ್ಟ ಸಲ ಹೊರಗ ಕೂಡತಿದ್ದೆಲ್ಲಾ, ಖರೇನ ಆಗತಿದ್ದೇನು?”

ಅವಳ ಕೈ ನಿಲ್ಲಲಿಲ್ಲ. “ನಿಮ್ಮಪ್ಪ ಕುಡದಾನ ಅಂತ ಸುದ್ದಿ ಬಂದ ಕೂಡ್ಲೆ ಆಗತಿದ್ದೆ. ಆ ಕೌದಿ ಮ್ಯಾಲ ಕುಂತ್ರ ಹತ್ರ ಬರತಿದ್ದಿಲ್ಲ. ದೇವರಿಗೆ ಅಂಜೂ ಮನಶ್ಯಾ.”

ಆಮೇಲೆ ತಲೆ ಎತ್ತಿ, “ಯಾಕ ಕೇಳಿದಿ?” ಎಂದಳು.

ನಾನು ಬಾಜು ಕೂತು ಪಲ್ಲೆ ಸೋಸತೊಡಗಿದೆ. ಕಲಘಟಗಿಯ ಆ ಸೊಸೆಯ ಕೌದಿಯ ತನಕವೂ ಒಬ್ಬರು ಬಂದಿದ್ದರು ಎಂದು ಅವ್ವನಿಗೆ ಹೇಳಲಾಗಲಿಲ್ಲ.